ಎಚ್‌ಐವಿ ಜೀವಕೋಶವನ್ನು ಸಿಡಿಸಿ ಬರುವುದಿಲ್ಲ, ಅದರ ಪೊರೆಯನ್ನೇ ಹೊದ್ದು ಬರುತ್ತದೆ

ಸಂಪಾದಕರಿಗೆ ನಮಸ್ಕಾರ,

ವಿಶ್ವ ಏಡ್ಸ್ ದಿನಕ್ಕೆ ನಿಮ್ಮ ಪುರವಣಿಯಲ್ಲಿ ಬಂದ ಲೇಖನ ಓದಿದೆ. ಸೋಂಕು ಹರಡುವ ಬಗೆ, ರಕ್ತ ಪರೀಕ್ಷೆ, ಎಆರ್‌ಟಿ (ಎಚ್‌ಐವಿ ಚಿಕಿತ್ಸೆ) ಕೇಂದ್ರದಲ್ಲಿ ಸಿಗುವ ಉಚಿತ ಮಾತ್ರೆ, ಸೋಂಕಿತರನ್ನು ದೂರ ಇಡಬಾರದು ಅನ್ನುವ ಮಾತು, ಎಲ್ಲವೂ ಚೆನ್ನಾಗಿಯೇ ಇತ್ತು. ಆದರೆ ಒಂದು ಕಡೆ, ಎಚ್‌ಐವಿ ನಮ್ಮ ಜೀವಕೋಶದೊಳಗೆ ಹೊಕ್ಕು, ಸಾವಿರಗಟ್ಟಲೆ ಬೆಳೆದು, ಕೊನೆಗೆ ಆ ಕೋಶವನ್ನು ಸಿಡಿಸಿ ಹೊರಬರುತ್ತದೆ ಅಂತ ಇದೆ. ಪಕ್ಕದಲ್ಲಿ ಒಡೆದು ಚೂರಾದ ಕೋಶದ ಚಿತ್ರ ಬೇರೆ. ಇದು ತಪ್ಪು. ಎಚ್‌ಐವಿ ಹಾಗೆ ಹೊರಬರುವುದಿಲ್ಲ. ಅದು ಸೇರಿದ ರೆಟ್ರೊವೈರಸ್ ಬಳಗದ ಯಾವ ವೈರಸ್ಸೂ ಹಾಗೆ ಹೊರಬರುವುದಿಲ್ಲ.

ಒಂದು ಸಾಲಿಗೆ ಇಷ್ಟುದ್ದ ಪತ್ರವಾ ಅಂತ ಅನ್ನಿಸಬಹುದು. ನಾನು ಪದವಿ ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳಿಕೊಡುತ್ತೇನೆ, ಏಡ್ಸ್ ಬಗ್ಗೆ ಅರಿವು ಮೂಡಿಸುವ ನಮ್ಮ ಕಾಲೇಜಿನ ರೆಡ್ ರಿಬ್ಬನ್ ಕ್ಲಬ್ ನೋಡಿಕೊಳ್ಳುವುದೂ ನಾನೇ. ಅಲ್ಲಿ ಮಕ್ಕಳು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದಿದೆ. ಮಾತ್ರೆ ತಗೊಂಡು ರಕ್ತದಲ್ಲಿ ವೈರಸ್ಸೇ ಸಿಗದ ಹಾಗೆ ಆದಮೇಲೂ ಯಾಕೆ ಜೀವನಪೂರ್ತಿ ಮಾತ್ರೆ ನುಂಗಬೇಕು ಮೇಡಂ, ನಿಲ್ಲಿಸಿದರೆ ಏನಾಗುತ್ತೆ? ನಿಮ್ಮ ಚಿತ್ರ ನೋಡಿದವರಿಗೆ ಇದಕ್ಕೆ ಉತ್ತರವೇ ಸಿಗುವುದಿಲ್ಲ. ವೈರಸ್ ಮಾಡಿದ ಕೋಶ ಸಿಡಿದು ಮುಗಿಯಿತು, ಹೊರಬಂದ ವೈರಸ್ಸನ್ನು ಮಾತ್ರೆ ಕೊಂದಿತು, ಇನ್ನೇನು ಉಳಿಯಿತು ಅಂತಲೇ ಅನ್ನಿಸುತ್ತದೆ ಅಲ್ವಾ? ಮಾತ್ರೆ ನಿಲ್ಲಿಸುವ ಯೋಚನೆ ಶುರುವಾಗುವುದೇ ಅಲ್ಲಿಂದ. ವೈರಸ್ ನಿಜವಾಗಿ ಹೇಗೆ ಕಟ್ಟಿಕೊಳ್ಳುತ್ತದೆ, ಹೇಗೆ ಹೊರಗೆ ಬರುತ್ತದೆ ಅನ್ನುವುದು ಗೊತ್ತಾದರೆ ಉತ್ತರ ತಾನಾಗಿ ಸಿಗುತ್ತದೆ.

ಸಿಡಿಯುವ ಚಿತ್ರ ಎಲ್ಲಿಂದ ಬಂತು ಅಂತ ಊಹಿಸಬಹುದು. ವೈರಸ್ ಬಗ್ಗೆ ಪಾಠ ಮಾಡುವಾಗ ನಾವು ಮೊದಲು ತೋರಿಸುವುದೇ ಬ್ಯಾಕ್ಟೀರಿಯಾದೊಳಗೆ ಹೊಕ್ಕು, ಅದರ ಗೋಡೆಯನ್ನು ಕರಗಿಸಿ, ಒಡೆದು ಬರುವ ಫೇಜ್ ವೈರಸ್ಸನ್ನು. ಅದೇ ಚಿತ್ರ ತಲೆಯಲ್ಲಿ ಕೂತುಬಿಡುತ್ತದೆ. ಆದರೆ ದ್ವಿತೀಯ ಪಿಯುಸಿ ಪುಸ್ತಕದಲ್ಲಿ ರೆಟ್ರೊವೈರಸ್ ಚಿತ್ರದ ಜೊತೆಗೇ, ವೈರಸ್‌ಗಳು ತಯಾರಾಗಿ ಹೊರಗೆ ಹೋಗುತ್ತಿರುವಾಗಲೂ ಸೋಂಕಿತ ಕೋಶ ಬದುಕಿರಬಲ್ಲದು ಅನ್ನುವ ಟಿಪ್ಪಣಿ ಇದೆ. ಪರೀಕ್ಷೆಗೆ ಬರುವುದಿಲ್ಲ ಅಂತ ಎಲ್ಲರೂ ಅದನ್ನು ಹಾರಿಸಿಬಿಡುತ್ತಾರೆ. ನನ್ನ ಪ್ರಕಾರ ಆ ಪುಟದಲ್ಲಿ ಅದಕ್ಕಿಂತ ಮುಖ್ಯವಾದ ಮಾತು ಇನ್ನೊಂದಿಲ್ಲ.

ಈಗ ಒಂದು ಟಿ ಕೋಶವನ್ನು, ಅಂದರೆ ಎಚ್‌ಐವಿ ಹೊಕ್ಕುವ, ರೋಗದಿಂದ ನಮ್ಮನ್ನು ಕಾಯುವ ಬಿಳಿ ರಕ್ತಕಣವನ್ನು ತಗೊಳ್ಳಿ. ಅಡ್ಡಳತೆ ಸುಮಾರು 8–10 ಮೈಕ್ರೋಮೀಟರ್, ಅಂದರೆ ಒಂದು ಮಿಲಿಮೀಟರಿನ ನೂರನೇ ಒಂದು ಭಾಗ. ಎಚ್‌ಐವಿ ಅದಕ್ಕಿಂತ ಎಷ್ಟೋ ಚಿಕ್ಕದು, 120 ನ್ಯಾನೋಮೀಟರ್ ಆಸುಪಾಸು. ಒಳಗೆ ಬಂದ ವೈರಸ್ ತನ್ನ ಆರ್‌ಎನ್‌ಎಯನ್ನು ಡಿಎನ್‌ಎ ಆಗಿ ಬದಲಾಯಿಸಿಕೊಂಡು ಕೋಶದ ಡಿಎನ್‌ಎಯೊಳಗೆ ಸೇರಿಸಿಬಿಟ್ಟಿದೆ. ಇಲ್ಲಿಯವರೆಗಿನ ಕತೆ ನಿಮ್ಮ ಲೇಖನದಲ್ಲಿ ಸರಿಯಾಗಿಯೇ ಇದೆ. ಮುಂದಿನದು ಹೀಗೆ.

ಕೋಶ ಆ ಡಿಎನ್‌ಎಯನ್ನು ತನ್ನದೇ ಅಂದುಕೊಂಡು ಓದುತ್ತದೆ. ಓದಿ ತಯಾರಿಸುವ ಪ್ರೊಟೀನ್‌ಗಳಲ್ಲಿ ಮುಖ್ಯವಾದದ್ದು ಗ್ಯಾಗ್. ವೈರಸ್ಸಿನ ಬೇರೆ ಯಾವ ಜೀನೂ ಇಲ್ಲದೆ, ಬರೀ ಗ್ಯಾಗ್ ಒಂದನ್ನೇ ಕೋಶದಲ್ಲಿ ತಯಾರಾಗುವಂತೆ ಮಾಡಿದರೂ ವೈರಸ್ಸಿನಂಥ ಉಂಡೆಗಳು ಹೊರಬರುತ್ತವೆ. ಅಂದರೆ ಕಟ್ಟುವ ಕೆಲಸ, ಪೊರೆಯನ್ನು ಬಗ್ಗಿಸುವ ಕೆಲಸ, ಬೇರೆಯವರನ್ನು ಕರೆಯುವ ಕೆಲಸ, ಎಲ್ಲಾ ಈ ಒಂದು ಪ್ರೊಟೀನಿನ ಮೈಯಲ್ಲೇ ಬರೆದಿದೆ. ಉದ್ದದ ಸರಪಣಿ ಅದು. ಒಂದು ತುದಿ ಪೊರೆಗೆ ಅಂಟಿಕೊಳ್ಳುವುದಕ್ಕೆ, ನಡುವಿನ ಭಾಗ ಪಕ್ಕದ ಗ್ಯಾಗ್‌ಗಳ ಜೊತೆ ಸೇರುವುದಕ್ಕೆ, ಅದರಾಚೆಯ ಭಾಗ ಆರ್‌ಎನ್‌ಎ ಹಿಡಿಯುವುದಕ್ಕೆ, ಕೊನೆಯ ತುದಿ ಹೊರಗೆ ಹೋಗುವ ದಾರಿಗೆ.

ಪೊರೆಗೆ ಅಂಟುವ ತುದಿಯಲ್ಲಿ 14 ಕಾರ್ಬನ್ ಉದ್ದದ ಒಂದು ಕೊಬ್ಬಿನ ಬಾಲ ಇರುತ್ತದೆ. ಈ ಬಾಲವನ್ನು ಹಚ್ಚುವುದು ವೈರಸ್ಸಿನ ಕಿಣ್ವ ಅಲ್ಲ, ನಮ್ಮ ಕೋಶದ್ದೇ ಕಿಣ್ವ. ಗ್ಯಾಗ್ ತೇಲುತ್ತಾ ಬಂದು ಪೊರೆಯ ಒಳಮೈಗೆ ಈ ಬಾಲವನ್ನು ಚುಚ್ಚಿಕೊಂಡು ನಿಲ್ಲುತ್ತದೆ. ಯಾವ ಪೊರೆಗೆ ಅನ್ನುವುದರಲ್ಲೂ ಗೊಂದಲ ಇಲ್ಲ. ಕೋಶದ ಹೊರಪೊರೆಯ ಒಳಮಗ್ಗುಲಲ್ಲಿ ಪಿಐಪಿ2 ಅನ್ನುವ ಒಂದು ಬಗೆಯ ಕೊಬ್ಬು ಜಾಸ್ತಿ ಇರುತ್ತದೆ, ಗ್ಯಾಗ್ ಅದನ್ನು ಗುರುತು ಹಿಡಿದು ಅಲ್ಲೇ ಕೂರುತ್ತದೆ. ಪ್ರಯೋಗಾಲಯದಲ್ಲಿ ಆ ಕೊಬ್ಬಿನ ಬಾಲ ಅಂಟುವ ಒಂದೇ ಒಂದು ಅಮೈನೋ ಆಮ್ಲವನ್ನು ಬದಲಿಸಿದರೆ ಸಾಕು, ಗ್ಯಾಗ್ ದಿಕ್ಕೆಟ್ಟು ಕೋಶದೊಳಗೆ ಚದುರಿಹೋಗುತ್ತದೆ, ವೈರಸ್ ಹೊರಬರುವುದಿಲ್ಲ.

ಆರ್‌ಎನ್‌ಎ ಹಿಡಿಯುವ ಕೆಲಸವೂ ಸುಲಭದ್ದಲ್ಲ. ಕೋಶದೊಳಗೆ ನಮ್ಮದೇ ಆರ್‌ಎನ್‌ಎಗಳು ಲೆಕ್ಕವಿಲ್ಲದಷ್ಟು ಓಡಾಡುತ್ತಿರುತ್ತವೆ. ಆ ಜಂಗುಳಿಯಲ್ಲಿ ವೈರಸ್ಸಿನ ಆರ್‌ಎನ್‌ಎ ಮೇಲೆ ಮಾತ್ರ ಇರುವ ಒಂದು ಮಡಿಕೆಯನ್ನು ಗ್ಯಾಗ್ ಗುರುತಿಸಿ ಹಿಡಿಯುತ್ತದೆ. ಅದೂ ಒಂದಲ್ಲ, ಜೋಡಿಯಾಗಿರುವ ಎರಡು ಪ್ರತಿ. ಮೊದಲು ಕೆಲವೇ ಗ್ಯಾಗ್‌ಗಳು ಈ ಆರ್‌ಎನ್‌ಎ ಜೋಡಿಯನ್ನು ಪೊರೆಯ ಹತ್ತಿರ ತಂದು ನಿಲ್ಲಿಸುತ್ತವೆ, ಆಮೇಲೆ ಅವುಗಳ ಸುತ್ತ ಉಳಿದವು ಬಂದು ಸೇರುತ್ತಾ ಹೋಗುತ್ತವೆ. ಆರು ಆರಾಗಿ ಕೈ ಹಿಡಿದುಕೊಳ್ಳುತ್ತವೆ. ಆರರ ಗುಂಪಿನ ಪಕ್ಕ ಇನ್ನೊಂದು ಆರರ ಗುಂಪು. ಹೀಗೆ ಸೇರುತ್ತಾ ಹೋದ ಹಾಗೆ ಆ ಜಾಲ ಸಮತಟ್ಟಾಗಿ ಉಳಿಯದೆ ಬಾಗುತ್ತದೆ, ಬಾಗಿದಂತೆ ಪೊರೆಯನ್ನೂ ಹೊರಕ್ಕೆ ತಳ್ಳುತ್ತದೆ. ಒಂದು ವೈರಸ್ಸಿಗೆ ಸುಮಾರು 2,400 ಗ್ಯಾಗ್ ಬೇಕು ಅಂತ ಅಂದಾಜು.

ಇದಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ? 2008ರಲ್ಲಿ ನ್ಯೂಯಾರ್ಕ್‌ನ ವಿಜ್ಞಾನಿಗಳು ಗ್ಯಾಗ್‌ಗೆ ಹೊಳೆಯುವ ಪ್ರೊಟೀನ್ ಜೋಡಿಸಿ, ಬದುಕಿರುವ ಕೋಶದಲ್ಲಿ ಒಂದೊಂದು ವೈರಸ್ ಕಟ್ಟಿಕೊಳ್ಳುವುದನ್ನು ಸೂಕ್ಷ್ಮದರ್ಶಕದಲ್ಲಿ ನೇರವಾಗಿ ನೋಡಿದರು. ಪೊರೆಯ ಮೇಲೆ ಮಸುಕಾದ ಒಂದು ಚುಕ್ಕೆ ಕಾಣಿಸಿಕೊಂಡು, ಮೆಲ್ಲಗೆ ಬೆಳಗುತ್ತಾ ಹೋಗಿ, ಒಂದು ಹಂತಕ್ಕೆ ಬಂದು ನಿಲ್ಲುತ್ತದೆ. ಹೆಚ್ಚಿನವಕ್ಕೆ 5–6 ನಿಮಿಷ ಸಾಕಾಗಿತ್ತು. ಅಷ್ಟೂ ಹೊತ್ತು ಕೋಶ ಬದುಕೇ ಇರುತ್ತದೆ.

ಇಲ್ಲೊಂದು ಅಡ್ಡಮಾತು. ಗ್ಯಾಗ್‌ಗಳು ಆರಾರಾಗಿ ಸೇರುವಾಗ ಆ ಉಂಗುರದ ನಡುವೆ ಕೂತು ಅದನ್ನು ಬಿಗಿಯಾಗಿ ಹಿಡಿಯುವ ಒಂದು ಚಿಕ್ಕ ಅಣು ಇದೆ. ಅದು ಐಪಿ6 ಅಂತ 2018ರಲ್ಲಿ ಗೊತ್ತಾಯಿತು. ಐಪಿ6 ಅಂದರೆ ಫೈಟಿಕ್ ಆಮ್ಲ. ಹೌದು, ರಾಗಿಯಲ್ಲಿ, ಕಾಳುಗಳಲ್ಲಿ ಇರುವ, ಕಬ್ಬಿಣದ ಅಂಶ ಮೈಗೆ ಹತ್ತದಂತೆ ಮಾಡುತ್ತದೆ ಅಂತ ಆಹಾರ ತಜ್ಞರು ಹೇಳುವ ಅದೇ ಪದಾರ್ಥ. ದಯವಿಟ್ಟು ಇದನ್ನು ಓದಿ ಯಾರೂ ಮುದ್ದೆ ಬಿಡಬೇಡಿ, ವಾಟ್ಸಾಪ್‌ನಲ್ಲಿ ಹೊಸ ಸುದ್ದಿ ಹಬ್ಬಿಸಲೂ ಬೇಡಿ. ನಮ್ಮ ಪ್ರತಿಯೊಂದು ಕೋಶವೂ ಐಪಿ6 ಅನ್ನು ತಾನೇ ತಯಾರಿಸಿಕೊಳ್ಳುತ್ತದೆ, ತಟ್ಟೆಯಲ್ಲಿ ಏನಿದೆ ಅನ್ನುವುದರಿಂದ ವೈರಸ್ ಹೆಚ್ಚೂ ಆಗುವುದಿಲ್ಲ, ಕಡಿಮೆಯೂ ಆಗುವುದಿಲ್ಲ. ನನಗೆ ಇದರಲ್ಲಿ ಬೆರಗು ಹುಟ್ಟಿಸಿದ್ದು, ವೈರಸ್ ಎಷ್ಟು ಕಡಿಮೆ ಸಾಮಾನು ಹೊತ್ತು ಬರುತ್ತದೆ ಅನ್ನುವುದು. ಬಾಲ ಹಚ್ಚುವ ಕಿಣ್ವ ನಮ್ಮದು, ಹೊದೆಯುವ ಪೊರೆ ನಮ್ಮದು, ನಡುವೆ ಕೂರುವ ಅಣುವೂ ನಮ್ಮದು.

ಈಗ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರವನ್ನು ಹತ್ತಿರದಿಂದ ನೋಡೋಣ. ಕೋಶದ ಅಂಚು ಒಂದು ತೆಳು ಗೆರೆ. ಒಂದು ಕಡೆ ಆ ಗೆರೆಯ ಅಡಿಯಲ್ಲೇ ದಪ್ಪನೆಯ ಕಪ್ಪು ಕಮಾನು ಕಾಣುತ್ತದೆ, ಅದು ಗ್ಯಾಗ್ ಜಾಲ. ಪಕ್ಕದಲ್ಲಿ ಇನ್ನೊಂದು ಕಮಾನು ಇನ್ನೂ ಬಾಗಿ ಮುಕ್ಕಾಲು ವೃತ್ತ ಆಗಿದೆ, ಪೊರೆ ಅದರ ಸುತ್ತ ಉಬ್ಬಿದೆ, ಕೋಶಕ್ಕೂ ಅದಕ್ಕೂ ನಡುವೆ ಸಣ್ಣ ಕತ್ತು ಉಳಿದಿದೆ. ಸ್ವಲ್ಪ ಆಚೆ ಬಿಡಿಸಿಕೊಂಡು ಹೋದದ್ದು ಒಂದು, ಒಳಗೆ ದಪ್ಪ ಉಂಗುರ. ಇನ್ನೂ ಆಚೆ ಇರುವುದರಲ್ಲಿ ಉಂಗುರವೇ ಇಲ್ಲ, ನಡುವೆ ಕಪ್ಪು ಶಂಕು ಇದೆ. ಕೋಶದ ಅಂಚು ಮಾತ್ರ ಎಲ್ಲೂ ಹರಿದಿಲ್ಲ. 1983ರಲ್ಲಿ ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆಯಲ್ಲಿ ಈ ವೈರಸ್ಸನ್ನು ಮೊದಲ ಸಲ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡಾಗಲೂ, ಫ್ರಾನ್ಸ್ವಾಸ್ ಬಾರೆ-ಸಿನೂಸಿ ಮತ್ತು ಲೂಕ್ ಮಾಂಟಾನ್ಯೆ ಅವರ ತಂಡ ಪ್ರಕಟಿಸಿದ ಚಿತ್ರದಲ್ಲಿ ಇದ್ದದ್ದು ಹೀಗೆ ಪೊರೆಯಿಂದ ಉಬ್ಬಿ ಬರುತ್ತಿರುವ ವೈರಸ್ಸೇ. ಅಂದರೆ ಎಚ್‌ಐವಿ ಲೋಕಕ್ಕೆ ಮೊದಲು ಕಂಡದ್ದೇ ಹೊರಬರುವ ಗಳಿಗೆಯಲ್ಲಿ. ಅಂಥ ವೈರಸ್ಸಿಗೆ ಸಿಡಿದ ಕೋಶದ ಚಿತ್ರ ಹಾಕಿದರೆ ಬೇಜಾರಾಗುತ್ತದೆ.

ಆ ಸಣ್ಣ ಕತ್ತು ಇದೆಯಲ್ಲ, ಅದನ್ನು ಕತ್ತರಿಸುವುದು ಗ್ಯಾಗ್ ಕೈಲಿ ಆಗದ ಕೆಲಸ. ಗ್ಯಾಗ್‌ನ ಕೊನೆಯ ತುದಿಗೆ ಪಿ6 ಅಂತ ಹೆಸರು. 1991ರಲ್ಲಿ ಆ ತುದಿ ಕೆಟ್ಟುಹೋದ ವೈರಸ್‌ಗಳನ್ನು ನೋಡಿದಾಗ ಅವು ಪೂರ್ತಿ ಕಟ್ಟಿಕೊಂಡಿದ್ದವು, ಪೊರೆಯನ್ನು ಉಬ್ಬಿಸಿಕೊಂಡು ಹೊರಗೂ ಬಂದಿದ್ದವು, ಆದರೆ ಕತ್ತು ತುಂಡಾಗದೆ ಕೋಶದ ಮೈಗೇ ಜೋತುಬಿದ್ದಿದ್ದವು. ಹಾಗಾದರೆ ಪಿ6 ಏನು ಮಾಡುತ್ತದೆ? ಉತ್ತರ ಸಿಕ್ಕಿದ್ದು ಹತ್ತು ವರ್ಷದ ಮೇಲೆ, 2001ರಲ್ಲಿ, ಅದೂ ಬೇರೆ ಬೇರೆ ತಂಡಗಳಿಗೆ ಹೆಚ್ಚುಕಡಿಮೆ ಒಟ್ಟಿಗೆ. ಪಿ6ನಲ್ಲಿ ಪ್ರೋಲಿನ್, ಥ್ರಿಯೋನಿನ್, ಅಲನಿನ್, ಪ್ರೋಲಿನ್ ಅನ್ನುವ ನಾಲ್ಕು ಅಮೈನೋ ಆಮ್ಲಗಳ ಸಾಲು ಇದೆ. ಅದು ನಮ್ಮ ಕೋಶದ ಟಿಎಸ್‌ಜಿ101 ಅನ್ನುವ ಪ್ರೊಟೀನನ್ನು ಹಿಡಿದುಕೊಳ್ಳುತ್ತದೆ. ಟಿಎಸ್‌ಜಿ101 ಎಸ್ಕರ್ಟ್ ಅನ್ನುವ ಒಂದು ದೊಡ್ಡ ತಂಡದ ಸದಸ್ಯ. ಅಲಿಕ್ಸ್ ಅನ್ನುವ ಇನ್ನೊಂದು ಪ್ರೊಟೀನ್ ಮೂಲಕವೂ ಆ ತಂಡವನ್ನು ಕರೆಸಿಕೊಳ್ಳುವ ದಾರಿ ಪಿ6ನಲ್ಲಿದೆ.

ಈ ಎಸ್ಕರ್ಟ್ ತಂಡದ ಕೊನೆಯ ಸದಸ್ಯರು ಬಂದು ಕತ್ತಿನ ಒಳಮೈಯಲ್ಲಿ ಎಳೆ ಎಳೆಯಾಗಿ ಸುತ್ತಿಕೊಳ್ಳುತ್ತವೆ, ಸುತ್ತು ಬಿಗಿಯಾಗುತ್ತಾ ಹೋಗುತ್ತದೆ. ಅಜ್ಜಿಯರ ಎಲೆಯಡಿಕೆ ಸಂಚಿಯ ದಾರ ಎಳೆದರೆ ಬಾಯಿ ಮುಚ್ಚಿಕೊಳ್ಳುತ್ತದಲ್ಲ, ಹೆಚ್ಚುಕಡಿಮೆ ಹಾಗೆ, ಆದರೆ ಇಲ್ಲಿ ದಾರ ಇರುವುದು ಒಳಗಡೆ. ವಿಪಿಎಸ್4 ಅನ್ನುವ ಪ್ರೊಟೀನ್ ಕೋಶದ ಇಂಧನವಾದ ಎಟಿಪಿ ಖರ್ಚು ಮಾಡಿ ಆ ಎಳೆಗಳನ್ನು ಬಿಚ್ಚಿ ತೆಗೆಯುತ್ತದೆ, ಕತ್ತು ಕೂಡಿ ತುಂಡಾಗುತ್ತದೆ. ಕೋಶದ ಪೊರೆಯೂ ಮುಚ್ಚಿಕೊಂಡಿತು, ವೈರಸ್ಸಿನ ಪೊರೆಯೂ ಮುಚ್ಚಿಕೊಂಡಿತು. ತೂತು ಬೀಳಲಿಲ್ಲ, ಕೋಶದ ರಸ ಸೋರಲಿಲ್ಲ.

ಎಸ್ಕರ್ಟ್ ವೈರಸ್ಸಿಗೋಸ್ಕರ ಇರುವ ತಂಡವಂತೂ ಅಲ್ಲ. ಒಂದು ಕೋಶ ಎರಡಾಗುವಾಗ ಕೊನೆಯಲ್ಲಿ ಉಳಿಯುವ ಸಣ್ಣ ಸೇತುವೆಯನ್ನು ಕತ್ತರಿಸುವುದು ಇದೇ ತಂಡ. ಪೊರೆಗೆ ಗಾಯವಾದರೆ ಸರಿಮಾಡುವುದಕ್ಕೂ ಇದು ಬೇಕು, ಬೇಡವಾದ ಪ್ರೊಟೀನ್‌ಗಳನ್ನು ಸಣ್ಣ ಗುಳ್ಳೆಗಳಲ್ಲಿ ಕಟ್ಟಿ ವಿಲೇವಾರಿಗೆ ಕಳಿಸುವುದಕ್ಕೂ ಬೇಕು. ಯೀಸ್ಟ್‌ನಲ್ಲೂ ಇದೆ. ಎಬೋಲಾ ವೈರಸ್ ಬೇರೆಯೇ ಬಳಗದ್ದು, ಅದೂ ಹೊರಗೆ ಹೋಗುವುದು ಇದೇ ತಂಡದ ನೆರವಿನಿಂದ. ಹಾಗಾದರೆ ಎಸ್ಕರ್ಟ್ ಅನ್ನೇ ತಡೆಯುವ ಔಷಧ ಮಾಡಿದರೆ ಆಯಿತಲ್ಲ ಅಂತ ಮಕ್ಕಳು ಥಟ್ಟನೆ ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಆದರೆ ಅದನ್ನು ತಡೆದರೆ ನಮ್ಮ ಕೋಶಗಳೇ ವಿಭಜನೆ ಆಗಲಾರವು. ಹೊರಗೆ ಹೋಗುವ ಈ ಹಂತದ ಮೇಲೆ ಔಷಧ ಮಾಡುವುದು ಕಷ್ಟ ಆಗಿರುವುದು ಅದಕ್ಕೇ.

ಕೋಶ ಸುಮ್ನೆ ಕೂತಿರುತ್ತದಾ? ಇಲ್ಲ. ಟೆಥರಿನ್ ಅನ್ನುವ ಒಂದು ಪ್ರೊಟೀನ್ ಇದೆ. 2008ರಲ್ಲಿ ಅದರ ಕೆಲಸ ಏನು ಅಂತ ಗೊತ್ತಾಯಿತು. ಅದಕ್ಕೆ ಎರಡೂ ತುದಿಯಲ್ಲಿ ಪೊರೆಗೆ ನಾಟಿಕೊಳ್ಳುವ ಲಂಗರು ಇದೆ. ವೈರಸ್ ಕೋಶದ ಪೊರೆಯನ್ನೇ ಹೊದ್ದು ಹೋಗುತ್ತದಲ್ಲ, ಟೆಥರಿನ್‌ನ ಒಂದು ತುದಿ ಕೋಶದಲ್ಲೇ ಉಳಿದು ಇನ್ನೊಂದು ತುದಿ ವೈರಸ್ಸಿನ ಪೊರೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಕತ್ತು ತುಂಡಾದರೂ ವೈರಸ್ ಹೋಗಲಾರದು, ಕೋಶದ ಮೈಮೇಲೇ ತೂಗುತ್ತಿರುತ್ತದೆ. ಒಂದರ ಹಿಂದೆ ಒಂದು ಹಾಗೆ ಸಿಕ್ಕಿ ಗೊಂಚಲಾಗುವುದೂ ಉಂಟು. ಎಚ್‌ಐವಿ ಇದಕ್ಕೂ ಉಪಾಯ ಮಾಡಿಕೊಂಡಿದೆ. ವಿಪಿಯು ಅನ್ನುವ ತನ್ನ ಚಿಕ್ಕ ಪ್ರೊಟೀನಿನಿಂದ ಟೆಥರಿನ್ ಅನ್ನು ಪೊರೆಯಿಂದ ಕೆಳಗಿಳಿಸಿ ನಾಶಕ್ಕೆ ಕಳಿಸುತ್ತದೆ. ಎಚ್‌ಐವಿಯ ಮೂಲವಾದ ಚಿಂಪಾಂಜಿಯ ವೈರಸ್ ಇದೇ ಕೆಲಸವನ್ನು ನೆಫ್ ಅನ್ನುವ ಬೇರೆ ಪ್ರೊಟೀನಿನಿಂದ ಮಾಡುತ್ತದೆ. ಮನುಷ್ಯರ ಟೆಥರಿನ್‌ನಲ್ಲಿ ನೆಫ್ ಹಿಡಿದುಕೊಳ್ಳುವ ಜಾಗದ ಐದು ಅಮೈನೋ ಆಮ್ಲಗಳೇ ಇಲ್ಲ, ಹಾಗಾಗಿ ಆ ಉಪಾಯ ನಮ್ಮಲ್ಲಿ ನಡೆಯಲಿಲ್ಲ. ವಿಪಿಯುವನ್ನು ಆ ಕೆಲಸಕ್ಕೆ ಪಳಗಿಸಿಕೊಂಡ, ಎಚ್‌ಐವಿ-1 ಅನ್ನುವ ಬಗೆಯ ಎಂ ಗುಂಪೇ ಜಗತ್ತಿಡೀ ಹಬ್ಬಿತು. ಹೊರಬರುವ ಹಂತ ಎಷ್ಟು ದೊಡ್ಡ ವಿಷಯ ಅನ್ನುವುದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಗೊತ್ತಿಲ್ಲ.

ಇನ್ನೂ ಒಂದು ಹಂತ ಬಾಕಿ ಇದೆ. ನಿಮ್ಮ ಲೇಖನದಲ್ಲಿ ಅದರ ಸುಳಿವೇ ಇಲ್ಲ. ಹೊರಗೆ ಬಂದ ವೈರಸ್ಸಿಗೆ ಆ ಗಳಿಗೆಯಲ್ಲಿ ಇನ್ನೊಂದು ಕೋಶಕ್ಕೆ ಸೋಂಕು ಹಚ್ಚುವ ಶಕ್ತಿ ಇರುವುದಿಲ್ಲ. ಒಳಗೆ ದಪ್ಪ ಉಂಗುರ ಕಂಡಿತಲ್ಲ, ಅದು ಕಾಯಿ, ಇನ್ನೂ ಹಣ್ಣಾಗಿಲ್ಲ. ವೈರಸ್ಸಿನೊಳಗೇ ಇರುವ ಪ್ರೋಟಿಯೇಸ್ ಅನ್ನುವ ಕಿಣ್ವ ಎಚ್ಚರಗೊಂಡು ಪ್ರತಿಯೊಂದು ಗ್ಯಾಗ್ ಸರಪಣಿಯನ್ನೂ ಐದು ಕಡೆ ಕತ್ತರಿಸುತ್ತದೆ. ತುಂಡುಗಳು ಹೊಸದಾಗಿ ಜೋಡಿಸಿಕೊಂಡು ಒಳಗಿನ ರೂಪವೇ ಬದಲಾಗುತ್ತದೆ. ಕ್ಯಾಪ್ಸಿಡ್ ಅನ್ನುವ ತುಂಡುಗಳು ಸೇರಿ ಶಂಕು ಕಟ್ಟುತ್ತವೆ. ಆರರ ಗುಂಪುಗಳು ಸುಮಾರು 250, ಐದರ ಗುಂಪುಗಳು ಸರಿಯಾಗಿ 12. ಆ 12 ಇಲ್ಲದಿದ್ದರೆ ಶಂಕು ಎರಡೂ ಕಡೆ ಮುಚ್ಚಿಕೊಳ್ಳುವುದಿಲ್ಲ, ಅದು ರೇಖಾಗಣಿತದ ಲೆಕ್ಕ. ಆರ್‌ಎನ್‌ಎ ಶಂಕುವಿನೊಳಗೆ ಸೇರಿದಮೇಲೆ ಮಾತ್ರ ವೈರಸ್ ಸೋಂಕಿಗೆ ತಯಾರು.

ಈ ಕತ್ತರಿಸುವ ಕೆಲಸವನ್ನು ನಿಲ್ಲಿಸುವ ಮಾತ್ರೆಗಳಿವೆ. 1995ರ ಡಿಸೆಂಬರ್‌ನಲ್ಲಿ ಅಮೆರಿಕದಲ್ಲಿ ಸಕ್ವಿನವಿರ್‌ಗೆ ಒಪ್ಪಿಗೆ ಸಿಕ್ಕಿತು, ಮರುವರ್ಷ ರಿಟೊನವಿರ್, ಇಂಡಿನವಿರ್ ಬಂದವು. ಮೂರು ಔಷಧ ಒಟ್ಟಿಗೆ ಕೊಡುವ ಚಿಕಿತ್ಸೆಗೆ ಜೀವ ಬಂದಿದ್ದೇ ಆಗ, ಆಸ್ಪತ್ರೆಯ ಹಾಸಿಗೆ ಹಿಡಿದವರು ಎದ್ದು ಮನೆಗೆ ಹೋಗತೊಡಗಿದ್ದೂ ಆಗಲೇ. ನಮ್ಮ ಎಆರ್‌ಟಿ ಕೇಂದ್ರಗಳಲ್ಲಿ ಮೊದಲ ಸಾಲಿನ ಮಾತ್ರೆ ಕೆಲಸ ಮಾಡದವರಿಗೆ ಕೊಡುವ ಅಟಜನವಿರ್, ಲೊಪಿನವಿರ್ ಕೂಡ ಇದೇ ಜಾತಿಯವು. ಇವನ್ನು ತಗೊಳ್ಳುವವರ ಮೈಯಲ್ಲಿ ಸೋಂಕಿತ ಕೋಶಗಳಿಂದ ವೈರಸ್ ಹೊರಬರುವುದು ನಿಲ್ಲುವುದಿಲ್ಲ. ಬರುತ್ತದೆ, ಆದರೆ ಕಾಯಿಯಾಗಿಯೇ ಉಳಿದು ಯಾರಿಗೂ ಸೋಂಕು ಹಚ್ಚಲಾರದೆ ಹಾಳಾಗುತ್ತದೆ. ಎಷ್ಟು ಚೆಂದದ ಉಪಾಯ ಅಲ್ವಾ? ಕೋಶ ಸಿಡಿಯುತ್ತದೆ ಅಂತ ಹೇಳಿಬಿಟ್ಟರೆ ಈ ಮಾತ್ರೆ ಎಲ್ಲಿ, ಏನು ಮಾಡುತ್ತದೆ ಅಂತ ವಿವರಿಸುವುದಕ್ಕೆ ಜಾಗವೇ ಉಳಿಯುವುದಿಲ್ಲ.

ಈಗ ಮಕ್ಕಳ ಪ್ರಶ್ನೆಗೆ ಬರುತ್ತೇನೆ. ನಮ್ಮಲ್ಲಿ ಬಹುಪಾಲು ಜನ ದಿನಕ್ಕೊಂದು ನುಂಗುವ ಮಾತ್ರೆಯಲ್ಲಿ ಟೆನೊಫೊವಿರ್, ಲಾಮಿವುಡಿನ್, ಡೊಲುಟೆಗ್ರಾವಿರ್ ಇರುತ್ತವೆ. ಮೊದಲೆರಡು ಆರ್‌ಎನ್‌ಎ ಡಿಎನ್‌ಎ ಆಗುವುದನ್ನು ತಡೆಯುತ್ತವೆ, ಮೂರನೆಯದು ಆ ಡಿಎನ್‌ಎ ನಮ್ಮ ಡಿಎನ್‌ಎಗೆ ಸೇರುವುದನ್ನು ತಡೆಯುತ್ತದೆ. ಮೂರೂ ಹೊಸ ಕೋಶಕ್ಕೆ ಸೋಂಕು ತಗುಲದಂತೆ ಕಾಯುತ್ತವೆ. ಈಗಾಗಲೇ ಡಿಎನ್‌ಎ ಸೇರಿಕೊಂಡಿರುವ ಕೋಶದಲ್ಲಿ ಗ್ಯಾಗ್ ತಯಾರಾಗುವುದನ್ನಾಗಲಿ, ಪೊರೆ ಉಬ್ಬುವುದನ್ನಾಗಲಿ, ಕತ್ತು ತುಂಡಾಗುವುದನ್ನಾಗಲಿ ಈ ಮೂರರಲ್ಲಿ ಒಂದೂ ತಡೆಯುವುದಿಲ್ಲ.

ಹಾಗಾದರೆ ವೈರಲ್ ಲೋಡ್, ಅಂದರೆ ರಕ್ತದಲ್ಲಿರುವ ವೈರಸ್ಸಿನ ಪ್ರಮಾಣ, ಇಳಿಯುವುದು ಹೇಗೆ? ವೈರಸ್ ತಯಾರಿಸುತ್ತಿರುವ ಕೋಶದ ಆಯಸ್ಸು ಚಿಕ್ಕದು. 1990ರ ದಶಕದ ಮಧ್ಯದಲ್ಲಿ ಡೇವಿಡ್ ಹೊ, ಅಲನ್ ಪೆರೆಲ್ಸನ್ ಮತ್ತು ಜೊತೆಗಾರರು ಲೆಕ್ಕ ಹಾಕಿದಂತೆ ಅಂಥ ಕೋಶ ಸರಾಸರಿ ಎರಡು ದಿನ ಬದುಕುತ್ತದೆ, ಚಿಕಿತ್ಸೆ ಇಲ್ಲದವರ ಮೈಯಲ್ಲಿ ದಿನಕ್ಕೆ 1,000 ಕೋಟಿಯಷ್ಟು ವೈರಸ್ ಹುಟ್ಟುತ್ತವೆ. ಕೋಶ ಸಾಯುವುದು ನಿಜ, ಅದನ್ನು ನಾನು ಅಲ್ಲಗಳೆಯುತ್ತಿಲ್ಲ. ಆದರೆ ಅದು ವೈರಸ್ ಹರಿದುಕೊಂಡು ಹೋದದ್ದರಿಂದ ಅಲ್ಲ. ಸೋಂಕಿತ ಕೋಶವನ್ನು ಗುರುತಿಸಿ ಕೊಲ್ಲುವ ನಮ್ಮದೇ ರಕ್ಷಣಾ ಕೋಶಗಳಿಂದ, ಸೋಂಕು ಗೊತ್ತಾದ ಕೂಡಲೇ ಕೋಶ ತಾನೇ ತನ್ನನ್ನು ಮುಗಿಸಿಕೊಳ್ಳುವ ವ್ಯವಸ್ಥೆಯಿಂದ. ಮಾತ್ರೆ ಶುರುಮಾಡಿದಮೇಲೆ ಹಳೆಯ ಕೋಶಗಳು ಹೀಗೆ ಸಾಯುತ್ತವೆ, ಹೊಸದಕ್ಕೆ ಸೋಂಕು ತಗುಲುವುದಿಲ್ಲ, ರಕ್ತದಲ್ಲಿ ವೈರಸ್ ಬೇಗ ಬೇಗ ಕಡಿಮೆಯಾಗುತ್ತದೆ.

ತೊಂದರೆ ಇರುವುದು ಬೇರೆ ಕಡೆ. ಕೆಲವು ಟಿ ಕೋಶಗಳು ವೈರಸ್ಸಿನ ಡಿಎನ್‌ಎಯನ್ನು ಒಳಗಿಟ್ಟುಕೊಂಡು ಮಲಗಿಬಿಡುತ್ತವೆ. ಗ್ಯಾಗ್ ತಯಾರಿಸುವುದಿಲ್ಲ, ವೈರಸ್ ಬಿಡುವುದಿಲ್ಲ, ಹಾಗಾಗಿ ಯಾರ ಕಣ್ಣಿಗೂ ಬೀಳದೆ ವರ್ಷಗಟ್ಟಲೆ ಬದುಕುತ್ತವೆ. ಯಾವತ್ತೋ ಒಂದು ಎಚ್ಚರಗೊಂಡರೆ ಮೇಲೆ ಹೇಳಿದ್ದೆಲ್ಲಾ ಶುರು. ಮಾತ್ರೆ ನಡೆಯುತ್ತಿದ್ದರೆ ಅದರಿಂದ ಹೊರಬಂದ ವೈರಸ್ಸಿಗೆ ಮುಂದೆ ದಾರಿ ಇಲ್ಲ. ಮಾತ್ರೆ ನಿಲ್ಲಿಸಿದ್ದರೆ ಪಕ್ಕದ ಕೋಶಕ್ಕೆ, ಅಲ್ಲಿಂದ ಇನ್ನೊಂದಕ್ಕೆ, ಹೆಚ್ಚಿನವರಲ್ಲಿ ಕೆಲವೇ ವಾರಗಳಲ್ಲಿ ವೈರಲ್ ಲೋಡ್ ಮತ್ತೆ ಏರುತ್ತದೆ. ಟಿ ಕೋಶಗಳು ಒಂದಕ್ಕೊಂದು ತಾಗಿದ ಜಾಗದಲ್ಲಂತೂ ವೈರಸ್‌ಗಳು ಅಲ್ಲೇ ಸಾಲಾಗಿ ಉಬ್ಬಿ ನೇರ ಪಕ್ಕದ ಕೋಶಕ್ಕೇ ದಾಟುತ್ತವೆ. ಜೀವನಪೂರ್ತಿ ಮಾತ್ರೆ ಯಾಕೆ ಅನ್ನುವುದಕ್ಕೆ ಇದೇ ಉತ್ತರ. ಹೀಗೆ ಬಿಡಿಸಿ ಹೇಳಿದರೆ ಮಕ್ಕಳಿಗೆ ಥಟ್ಟಂತ ಅರ್ಥವಾಗುತ್ತದೆ, ಮಾತ್ರೆ ತಗೊಳ್ಳುವವರಿಗೂ ಆಗುತ್ತದೆ. ಇದನ್ನು ಅರ್ಥಮಾಡಿಕೊಳ್ಳುವುದಕ್ಕೆ ಯಾರೂ ವಿಜ್ಞಾನ ಓದಿರಬೇಕಾಗಿಲ್ಲ.

ತಪ್ಪದೆ ಮಾತ್ರೆ ತಗೊಂಡು ರಕ್ತದಲ್ಲಿ ವೈರಸ್ ಪತ್ತೆಯಾಗದ ಮಟ್ಟದಲ್ಲೇ ಉಳಿದವರಿಂದ ಲೈಂಗಿಕ ಸಂಪರ್ಕದ ಮೂಲಕ ಸಂಗಾತಿಗೆ ಸೋಂಕು ಹರಡುವುದಿಲ್ಲ ಅನ್ನುವುದನ್ನೂ ಇಲ್ಲೇ ಸೇರಿಸುತ್ತೇನೆ, ನಿಮ್ಮ ಲೇಖನದಲ್ಲಿ ಅದು ಇರಲಿಲ್ಲ.

ಪರೀಕ್ಷೆಯ ಬಗ್ಗೆಯೂ ಒಂದು ಮಾತು. ಈಗಿನ ನಾಲ್ಕನೇ ತಲೆಮಾರಿನ ರಕ್ತ ಪರೀಕ್ಷೆ ನಮ್ಮ ಮೈ ತಯಾರಿಸುವ ಪ್ರತಿಕಾಯದ ಜೊತೆಗೆ ಪಿ24 ಅನ್ನುವ ಪ್ರೊಟೀನನ್ನೂ ಹುಡುಕುತ್ತದೆ. ವರದಿಯಲ್ಲಿ ಪಿ24 ಅಂತ ನೋಡಿ ಇದೇನು ಅಂತ ಕೇಳುವವರಿದ್ದಾರೆ. ಗ್ಯಾಗ್ ಅನ್ನು ಕತ್ತರಿಸಿದಾಗ ಸಿಗುವ ಕ್ಯಾಪ್ಸಿಡ್ ತುಂಡೇ ಪಿ24. ಒಂದೊಂದು ವೈರಸ್ಸಿನಲ್ಲೂ ಅದು ಸಾವಿರದ ಲೆಕ್ಕದಲ್ಲಿ ಇರುವುದರಿಂದ, ಪ್ರತಿಕಾಯ ಹುಟ್ಟುವ ಮೊದಲೇ ಸಿಕ್ಕಿಬೀಳುತ್ತದೆ. ಹಾಗಾಗಿ ಸೋಂಕು ತಗುಲಿ ಕೆಲವೇ ವಾರವಾದವರಲ್ಲೂ ಪತ್ತೆ ಸಾಧ್ಯ.

ಇದೇ ಕ್ಯಾಪ್ಸಿಡ್ ಮೇಲೆ ಕೆಲಸ ಮಾಡುವ ಹೊಸ ಔಷಧ ಲೆನಕಾಪವಿರ್. ಆರು ತಿಂಗಳಿಗೊಂದು ಚುಚ್ಚುಮದ್ದು. ಕ್ಯಾಪ್ಸಿಡ್ ತುಂಡುಗಳ ನಡುವಿನ ಸಂದಿಯಲ್ಲಿ ಕೂತು ಒಳಬರುವ ಶಂಕು ತನ್ನ ಕೆಲಸ ಮಾಡದಂತೆಯೂ, ಹೊರಹೋಗುವ ವೈರಸ್ಸಿನಲ್ಲಿ ಶಂಕು ನೆಟ್ಟಗೆ ಕಟ್ಟಿಕೊಳ್ಳದಂತೆಯೂ ಮಾಡುತ್ತದೆ. ದಕ್ಷಿಣ ಆಫ್ರಿಕಾ ಮತ್ತು ಉಗಾಂಡದಲ್ಲಿ ನಡೆದ ಪ್ರಯೋಗದಲ್ಲಿ ಈ ಚುಚ್ಚುಮದ್ದು ಪಡೆದ 2,134 ಯುವತಿಯರಲ್ಲಿ ಒಬ್ಬರಿಗೂ ಎಚ್‌ಐವಿ ತಗುಲಲಿಲ್ಲ ಅಂತ 2024ರಲ್ಲಿ ಫಲಿತಾಂಶ ಬಂತು. 2025ರ ಜೂನ್‌ನಲ್ಲಿ ಸೋಂಕು ತಡೆಯುವ ಔಷಧವಾಗಿ ಅಮೆರಿಕದಲ್ಲಿ ಒಪ್ಪಿಗೆಯೂ ಸಿಕ್ಕಿತು. ಇದರ ಜೆನೆರಿಕ್ ತಯಾರಿಸುವ ಪರವಾನಗಿ ಪಡೆದವರಲ್ಲಿ ಹೈದರಾಬಾದಿನ ಡಾ. ರೆಡ್ಡೀಸ್, ಹೆಟೆರೊ ಕಂಪನಿಗಳೂ ಇವೆ. ನಿಮ್ಮ ಪತ್ರಿಕೆ ಇದರ ಬಗ್ಗೆ ಒಂದು ಪೂರ್ತಿ ಲೇಖನ ಮಾಡಬೇಕು. ನಮ್ಮ ದೇಶದಲ್ಲಿ ತಯಾರಾಗುವ ಔಷಧ ನಮ್ಮ ಜಿಲ್ಲಾ ಆಸ್ಪತ್ರೆಗೆ ಯಾವಾಗ, ಯಾವ ಬೆಲೆಗೆ ಬರುತ್ತದೆ ಅಂತ ಕೇಳುವುದು ಪತ್ರಿಕೆಯ ಕೆಲಸ.

ಸದ್ಯಕ್ಕೆ ನನ್ನ ಕೋರಿಕೆ ಚಿಕ್ಕದು. ಸಿಡಿದ ಕೋಶದ ಚಿತ್ರಕ್ಕೆ ತಿದ್ದುಪಡಿ ಹಾಕಿ. ಜೊತೆಗೆ ನಾಲ್ಕು ಹಂತದ ಹೊಸ ಚಿತ್ರ ಕೊಡಿ: ಪೊರೆಯಡಿಯ ಕಮಾನು, ಕತ್ತು ಉಳಿದ ಉಬ್ಬು, ಬಿಡಿಸಿಕೊಂಡ ಉಂಗುರದ ವೈರಸ್, ಶಂಕು ಕಟ್ಟಿಕೊಂಡ ವೈರಸ್. ಯಾವ ಹಂತದಲ್ಲಿ ಯಾವ ಮಾತ್ರೆ ಕೆಲಸ ಮಾಡುತ್ತದೆ ಅಂತ ಪಕ್ಕದಲ್ಲಿ ಬರೆದು, ಕೆಳಗೆ ಉಚಿತ ಸಹಾಯವಾಣಿ 1097 ಹಾಕಿದರೆ ಅದನ್ನು ಕತ್ತರಿಸಿ ಕಾಲೇಜಿನ ಸೂಚನಾ ಫಲಕಕ್ಕೆ, ಎಆರ್‌ಟಿ ಕೇಂದ್ರದ ಗೋಡೆಗೆ ಅಂಟಿಸಬಹುದು. ನಿಮ್ಮ ಕಲಾವಿದರಿಗೆ ಕರಡು ಬೇಕಿದ್ದರೆ ನಮ್ಮ ಕ್ಲಬ್ಬಿನ ಹುಡುಗಿಯರು ಬಿಡಿಸಿಟ್ಟಿದ್ದಾರೆ, ಕೇಳಿದ ದಿನವೇ ಕಳಿಸಿಕೊಡುತ್ತೇನೆ.

ಇಂತಿ,
ಜೀವಶಾಸ್ತ್ರ ಉಪನ್ಯಾಸಕಿ, ಹಾಸನ